1500 ಅಂದ್ರೆ ಯಾರ 1500?

ನಾನು ಮನೆಯಲ್ಲಿ ಕಟ್ಟುತ್ತಿರುವ, ತಾನೇ ಎದುರಾಳಿಯಾಗಿ ಆಡುವ ಚೆಸ್ ಬೋರ್ಡ್ ಕೊನೆಗೂ ಮಾತು ಕೇಳುತ್ತಿದೆ. 64 ರೀಡ್ ಸ್ವಿಚ್‌ಗಳಿಗೂ (ಆಯಸ್ಕಾಂತ ಹತ್ತಿರ ಬಂದರೆ ಕೂಡುವ ಪುಟ್ಟ ಗಾಜಿನ ಸ್ವಿಚ್) ಕಾಯಿ ಎತ್ತಿದ್ದು, ಇಟ್ಟಿದ್ದು ಗೊತ್ತಾಗುತ್ತದೆ. ಮುಂಬೈನ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯವನು ಕೊಟ್ಟ 80ರಲ್ಲಿ 11 ಮೊದಲೇ ಒಡೆದಿದ್ದವು. ಡೊಂಬಿವಲಿಯಿಂದ ಮತ್ತೆ ಲೋಕಲ್ ಹತ್ತಿ ಹೋದರೆ, "ಸ್ವಿಚ್ಚಿನ ತಂತಿಕಾಲು ಬಗ್ಗಿಸುವಾಗ ನೀವೇ ಒಡೆದಿರಬೇಕು" ಅಂದ. ಅದಿರಲಿ.

ನಿಜವಾಗಿ ತಲೆ ತಿಂದಿದ್ದು ರೇಟಿಂಗ್. ದೊಡ್ಡಪ್ಪನ ಫಿಡೆ (ವಿಶ್ವ ಚೆಸ್ ಸಂಸ್ಥೆ) ರೇಟಿಂಗ್ 1520. ಸರಿ, ಬೋರ್ಡಿನೊಳಗೆ ಆಡುವ ಚೆಸ್ ಎಂಜಿನ್ (ಪ್ರೋಗ್ರಾಂ) ಸ್ಟಾಕ್‌ಫಿಶ್‌ನ ಎಲೋ, ಅಂದರೆ ಆಟದ ಬಲದ ಅಂಕಿ, 1500ಕ್ಕೆ ಇಟ್ಟೆ. ದೊಡ್ಡಪ್ಪ ಆರಕ್ಕೆ ಆರೂ ಸೋತರು. "ಏನೋ ಇದು, ಒಳಗೆ ಆನಂದ್‌ನ ಕೂರಿಸಿದೀಯಾ?" ಅಂದರು. ಎರಡು ರಾತ್ರಿ ಹುಡುಕಿದೆ. ಲಿಮಿಟ್ ಸ್ಟ್ರೆಂತ್ ಅನ್ನೋ ಆಯ್ಕೆಯನ್ನು ಆನ್ ಮಾಡಿರಲೇ ಇಲ್ಲ! ಅದು ಆಫ್ ಇದ್ದರೆ ಎಲೋ ಎಷ್ಟೇ ಬರೆಯಿರಿ, ಎಂಜಿನ್ ಕಿವಿಗೇ ಹಾಕಿಕೊಳ್ಳುವುದಿಲ್ಲ. ಒಂದು ಎರರ್ ಆದರೂ ಬರಬಾರದಾ?

ಆನ್ ಮಾಡಿ ಮತ್ತೆ 12 ಆಟ. ಯಂತ್ರಕ್ಕೆ 9 ಅಂಕ. 75% ಅಂದರೆ ಸುಮಾರು 190 ಎಲೋ ಅಂತರ, ಅಂದರೆ ದೊಡ್ಡಪ್ಪನ ಮುಂದೆ ಅದು 1710. ಹನ್ನೆರಡೇ ಆಟ, ನೂರು ಆಚೀಚೆ ಇರಬಹುದು, ಒಪ್ಪಿದೆ. ಆದರೂ 1500 ಯಾಕಲ್ಲ? ಸ್ಟಾಕ್‌ಫಿಶ್‌ನ ಆ ಅಂಕಿಯನ್ನು ಕಟ್ಟಿರುವುದು ಸಿಸಿಆರ್‌ಎಲ್ ಅನ್ನೋ ಚೆಸ್ ಎಂಜಿನ್‌ಗಳ ರೇಟಿಂಗ್ ಪಟ್ಟಿಗೆ. ಅಲ್ಲಿ ಎಂಜಿನ್‌ಗಳು ಎಂಜಿನ್‌ಗಳ ಜೊತೆ ಮಾತ್ರ ಆಡುತ್ತವೆ. ಅಳತೆ ಮಾಡಿದ್ದು ಎರಡು ನಿಮಿಷ, ನಡೆಗೊಂದು ಸೆಕೆಂಡಿನ ಆಟದಲ್ಲಿ. ನಮ್ಮ ದೊಡ್ಡಪ್ಪ ಒಂದು ಕುದುರೆ ಎತ್ತುವಷ್ಟರಲ್ಲಿ ಕಾಫಿ ಆರಿರುತ್ತದೆ. ಎಲೋ ಹೇಳುವುದು ಒಂದೇ ಗುಂಪಿನೊಳಗೆ ಯಾರು ಎಷ್ಟು ಅಂಕ ತೆಗೆಯಬಹುದು ಅಂತ: 400 ಅಂತರವಿದ್ದರೆ ಸುಮಾರು 91%. ಗುಂಪು ಬದಲಾದರೆ ಅಳತೆಯೂ ಬದಲು, ಊರಿಗೊಂದು ಸೇರು ಇದ್ದ ಹಾಗೆ.

ಅದಕ್ಕಿಂತ ಜಾಸ್ತಿ ಕಿರಿಕಿರಿ ಸ್ಟಾಕ್‌ಫಿಶ್ ಆಡುವ ರೀತಿ. ಹೊಳೆದ ನಾಲ್ಕಾರು ನಡೆಗಳಲ್ಲಿ ಆಗಾಗ ಬೇಕಂತಲೇ ಕೆಟ್ಟದ್ದನ್ನು ಆರಿಸುತ್ತದೆ, ದುರ್ಬಲವಾಗುವುದು ಹೀಗೆ. ಇಪ್ಪತ್ತು ನಡೆ ದೊರೆಯ ಹಾಗೆ ಆಡಿ, ಆಮೇಲೆ ಸುಮ್ನೆ ಒಂದು ಆನೆ ಬಿಟ್ಟುಕೊಡುತ್ತದೆ. "ನನಗೆ ಭಿಕ್ಷೆ ಹಾಕ್ತಿದೆಯಾ?" ಅಂತ ದೊಡ್ಡಪ್ಪ ಎದ್ದೇ ಹೋದರು.

ಹಾಗಾಗಿ ಮಾಯಾ ಅನ್ನೋ ಇನ್ನೊಂದು ಚೆಸ್ ಪ್ರೋಗ್ರಾಂ ಹಾಕಿದೆ. ಲಿಚೆಸ್ ಅನ್ನೋ ಆನ್‌ಲೈನ್ ಚೆಸ್ ತಾಣದಲ್ಲಿ ಮನುಷ್ಯರು ಆಡಿದ ಆಟಗಳಿಂದ ಕಲಿತದ್ದು, 1100ರಿಂದ 1900ರವರೆಗೆ ಒಂಬತ್ತು ಮಟ್ಟ. ಅದನ್ನು ಲೀಲಾ ಅನ್ನೋ ಎಂಜಿನ್‌ನಲ್ಲಿ ಓಡಿಸುವಾಗ ನೋಡ್ಸ್ (ಎಷ್ಟು ಸ್ಥಿತಿಗಳನ್ನು ನೋಡಬೇಕು ಅನ್ನೋ ಮಿತಿ) 1 ಇರಲೇಬೇಕು. ಮೊದಲ ದಿನ ನಾನು ಯೋಚಿಸಲು ಸಮಯ ಕೊಟ್ಟುಬಿಟ್ಟಿದ್ದೆ, ಅದು ಹುಡುಕಾಟಕ್ಕೆ ಇಳಿದು ಮತ್ತೆ ರಾಕ್ಷಸನಾಯಿತು. ನಿನ್ನೆ ಸರಿಮಾಡಿದೆ. ಕುದುರೆಯ ಫೋರ್ಕ್‌ಗೆ (ಒಂದೇ ನಡೆಯಲ್ಲಿ ಎರಡು ಕಾಯಿಗೆ ಗುರಿ) ಸಿಕ್ಕಿಬಿತ್ತು, ಥೇಟ್ ನನ್ನ ಹಾಗೆ. ದೊಡ್ಡಪ್ಪ ಗೆದ್ದು, ಇನ್ನೊಂದು ಕಾಫಿಗೆ ಕೂಗಿದರು.

ಇದರ 1500 ಕೂಡ ಲಿಚೆಸ್‌ನ 1500, ಫಿಡೆಯದಲ್ಲ. ಅಲ್ಲಿ ಗ್ಲಿಕೊ-2 ಅನ್ನೋ ಬೇರೆ ರೇಟಿಂಗ್ ಲೆಕ್ಕ, ಹೊಸಬರು ಶುರುಮಾಡುವುದೇ 1500ರಿಂದ. ಅದಕ್ಕೇ ಬೋರ್ಡಿನಲ್ಲಿ ಮಟ್ಟ ಬದಲಿಸಲು ತಿರುಗಿಸುವ ಗುಂಡಿಯ ಸುತ್ತ ಅಂಕಿ ಬರೆಯಲಿಲ್ಲ. 'ಪಾಪ', 'ಪರವಾಗಿಲ್ಲ', 'ದೊಡ್ಡಪ್ಪ', 'ಬೇಡ' ಅಂತ ಚೀಟಿ ಅಂಟಿಸಿದೆ.

ಮುಂದಿನದು ಚೆನ್ನೆಮಣೆ. ಬರೀ 14 ಗುಳಿ, ಪ್ರೋಗ್ರಾಂ ಸಲೀಸು. ರೇಟಿಂಗ್ ಅಳೆಯಲು ಮನೆಯಲ್ಲಿರುವುದು ದೊಡ್ಡಮ್ಮ ಒಬ್ಬರೇ. ಅವರು ಇಲ್ಲಿಯವರೆಗೆ ನಮ್ಮಲ್ಲಿ ಯಾರಿಗೂ ಸೋತಿಲ್ಲ. 100% ಗೆಲುವನ್ನು ಎಲೋ ಸೂತ್ರಕ್ಕೆ ಹಾಕಿದರೆ ಅಂತರ ಅನಂತ ಅಂತ ಬರುತ್ತದೆ.