ರಾಗಿ ಮೊಳಕೆ, ನಾಲ್ಕನೇ ಸಲ: ಈ ಬಾರಿ ವಾಸನೆ ಬರಲಿಲ್ಲ!

ಬಂತು ನೋಡಿ! ಬೆಳಿಗ್ಗೆ ಒದ್ದೆ ಬಟ್ಟೆ ತೆಗೆದರೆ ಜರಡಿ ತುಂಬ ಬಿಳಿ ಬಿಳಿ ಮೊಳಕೆ. ಬಗ್ಗಿ ಮೂಸಿ ನೋಡಿದೆ. ಹಸಿ ಹುಲ್ಲಿನ ಘಮ ಅಷ್ಟೇ. ಹುಳಿ ಇಲ್ಲ, ಮುಗ್ಗಲು ಇಲ್ಲ.

ಈ ರಗಳೆಗೆಲ್ಲ ಕಾರಣ ನನ್ನ ಸಂಜೆ ಐದು ಗಂಟೆ. ಆಫೀಸಿನ ಒತ್ತಡ ತಲೆಗೇರುವ ಹೊತ್ತು, ಕೈ ತಾನಾಗಿ ಬಿಸ್ಕೆಟ್‌ಗೂ ಮೂರನೇ ಕಾಫಿಗೂ ಹೋಗುತ್ತಿತ್ತು. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯುವುದಕ್ಕೇ ಸುಮಾರು 5 ಗಂಟೆ ಬೇಕು, ಹಾಗಾಗಿ ರಾತ್ರಿ ನಿದ್ದೆ ಹಾಳು, ಮಾರನೇ ದಿನ ಮನೆಯವರ ಮೇಲೆಲ್ಲ ಸಿಡುಕು. ಅದರ ಬದಲು ಮೊಳಕೆ ರಾಗಿಯ ಗಂಜಿ ಕುಡಿಯೋಣ ಅಂತ ಹೊರಟೆ. ರಾಗಿ ಕುಡಿದರೆ ಬಾಸ್ ಬದಲಾಗಲ್ಲ, ನಿಜ. ಆದರೆ ಹೊಟ್ಟೆ ತಣ್ಣಗಿದ್ದರೆ ಅದೇ ಮಾತು ಅಷ್ಟು ಚುಚ್ಚಲ್ಲ.

ಸರಿ, ಗೋಳಿನ ಕಥೆಗೆ ಬರುತ್ತೇನೆ. ಮೊದಲೆರಡು ಸಲ ಎಲ್ಲರ ಹಾಗೇ ಒಂದು ಕೆಜಿ ನೆನೆಸಿ, ಪಂಚೆ ತುಂಡಿನಲ್ಲಿ ಬಿಗಿಯಾಗಿ ಗಂಟು ಕಟ್ಟಿ ನೇತು ಹಾಕಿದೆ. ಎರಡನೇ ದಿನ ಗಂಟಿನೊಳಗೆ ಬೆರಳಿಟ್ಟರೆ ಬೆಚ್ಚಗೆ, ಲೋಳೆ ಲೋಳೆ, ಹಳಸಿದ ಸಾರಿನ ವಾಸನೆ. ನೀರನ್ನು ಬೈದೆ, ಮಳೆಯನ್ನು ಬೈದೆ. ಆಮೇಲೆ ಹೊಳೆಯಿತು, 100 ಕಾಳು ಎಣಿಸಿ ಒದ್ದೆ ಬಟ್ಟೆ ಮೇಲಿಟ್ಟೆ. ಮೊಳೆತಿದ್ದು 41! ಉಳಿದ ಸತ್ತ ಕಾಳೆಲ್ಲ ಸುಮ್ನೆ ಕೊಳೆಯುತ್ತಿತ್ತು. ಅಂಗಡಿಯವರು ಮಾತ್ರ 'ಈ ವರ್ಷದ್ದೇ ಸಾರ್, ಫ್ರೆಶ್' ಅಂದಿದ್ದರು. ಎಷ್ಟು ಸಿಟ್ಟು ಬಂತು ಅಂದರೆ, ಆ ಕಡೆ ಹೋಗುವುದನ್ನೇ ಬಿಟ್ಟಿದ್ದೇನೆ.

ಮದ್ದೂರು ಕಡೆಯ ರೈತರೊಬ್ಬರಿಂದ ಹೊಸ ರಾಗಿ ತಂದೆ. ಎಣಿಸಿದರೆ 93 ಮೊಳೆತವು. ಇನ್ನೇನು ಗೆದ್ದೆ ಅಂದುಕೊಂಡು ಗಂಟು ಕಟ್ಟಿದರೆ ಅಂಚಲ್ಲೆಲ್ಲ ಚಂದದ ಮೊಳಕೆ, ನಡುವೆ ಮತ್ತೆ ಅದೇ ಹುಳಿ ಮುದ್ದೆ! ಆಗ ಅರ್ಥವಾಯಿತು. ಹೆಸರುಕಾಳಿನ ನಡುವೆ ಸಂದು ಇರುತ್ತದೆ, ರಾಗಿ ಸಾಸಿವೆಯ ಹಾಗೆ ಒತ್ತಾಗಿ ಕೂರುತ್ತದೆ. ಮೊಳೆಯುವ ಕಾಳು ಉಸಿರಾಡುತ್ತದೆ, ಕಾವು ಬಿಡುತ್ತದೆ. ನಡುವಿನದಕ್ಕೆ ಗಾಳಿ ಎಲ್ಲಿಂದ ಬರಬೇಕು?

ಈ ಸಲ ಗಂಟೇ ಕಟ್ಟಲಿಲ್ಲ. ಜರಡಿಯಲ್ಲಿ ಬೆರಳು ದಪ್ಪ ಹರಡಿ, ಒದ್ದೆ ಬಟ್ಟೆ ಹೊದಿಸಿ, 5-6 ಗಂಟೆಗೊಮ್ಮೆ ಕೈಯಾಡಿಸಿದೆ. ರಾತ್ರಿ ಎದ್ದೂ ಆಡಿಸಿದೆ. ಅಷ್ಟೇ ಸಾಕಾಯಿತು.

ಒಣಗಿಸಿ ಹುರಿಯುವಾಗ ಸಣ್ಣ ಉರಿ ಇರಲಿ, ಘಮ ಬಂದ ಕೂಡಲೇ ಇಳಿಸಿ. ಅದನ್ನು ಬೀಸಿದ ಹಿಟ್ಟಿನ ಗಂಜಿ ಸಾದಾ ರಾಗಿಯಷ್ಟು ಗಟ್ಟಿಯಾಗಲ್ಲ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ಅದಕ್ಕೇ ತೆಳು. ಹಿಟ್ಟು ಕೆಟ್ಟಿದೆ ಅಂದುಕೊಂಡು ಇನ್ನೆರಡು ಚಮಚ ಸುರಿಯಬೇಡಿ. ಆರಿದ ಮೇಲೆ ಮಜ್ಜಿಗೆ, ಜೀರಿಗೆ, ಹೆಚ್ಚಿದ ಈರುಳ್ಳಿ ಹಾಕಿ ಕುಡಿದೆ. ರಾತ್ರಿ ಎಂಟರವರೆಗೆ ಬಿಸ್ಕೆಟ್ ನೆನಪೇ ಆಗಲಿಲ್ಲ!

ಅಂದ ಹಾಗೆ, ಮುಂದಿನದು ಅಗಸೆ ಚಟ್ನಿಪುಡಿ. ಹುಬ್ಬಳ್ಳಿಯ ಗೆಳೆಯನ ಮನೆಯಲ್ಲಿ ತಿಂದಾಗಿನಿಂದ ತಲೆಯಲ್ಲಿ ಅದೇ. ಪುಡಿ ಮಾಡಿದ ಅಗಸೆ ಬೇಗ ಕಮಟು ಹಿಡಿಯುತ್ತದಲ್ವಾ, ಹದಿನೈದು ದಿನ ಹೇಗೆ ಇಡುತ್ತೀರಿ? ಬೀಜ ಆಗಲೇ ತಂದಿಟ್ಟಿದ್ದೇನೆ, ಭಾನುವಾರದೊಳಗೆ ಹೇಳಿ.