ಗಟ್ಟಿಯಾದ ಗ್ರೀಸ್

ಜನವರಿ 21, 2025, ಮಂಗಳವಾರ, ರಾತ್ರಿ 11
ಮಿನಿಯಾಪೊಲಿಸ್, ಅಮೆರಿಕ

ಬೆಳಿಗ್ಗೆ ಗ್ರೀನ್‌ವೇ ಅನ್ನುವ ಸೈಕಲ್ ದಾರಿಯಲ್ಲಿ ಸೈಕಲ್ ಕೈಕೊಟ್ಟಿತು. ಚೈನು ಬಿದ್ದಿರಲಿಲ್ಲ, ಪಂಕ್ಚರ್ ಆಗಿರಲಿಲ್ಲ. ಪೆಡಲ್ ತುಳಿದರೆ ಸುಮ್ನೆ ತಿರುಗುತ್ತಿತ್ತು, ಹಿಂದಿನ ಚಕ್ರ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಮೈನಸ್ 20ರ ಆಸುಪಾಸಿನ ಚಳಿ. ಗ್ರೀನ್‌ವೇ ಮೊದಲು ರೈಲು ಓಡುತ್ತಿದ್ದ ತಗ್ಗು ದಾರಿ, ಮೇಲಿನ ರಸ್ತೆಗೆ ಹತ್ತಲು ಎಲ್ಲೆಂದರಲ್ಲಿ ಆಗುವುದಿಲ್ಲ. ತಳ್ಳಿಕೊಂಡೇ ನಡೆದೆ. ರೆಪ್ಪೆಗೂದಲಿಗೆ ಹಿಮ ಅಂಟಿತ್ತು. ಗ್ಲೌಸ್ ಒಳಗೇ ಬೆರಳು ಮರಗಟ್ಟಿತ್ತು. ಭಯ ಆಯಿತು.

ರಾತ್ರಿ ಸೈಕಲ್ಲನ್ನು ಬಚ್ಚಲಿಗೆ ತಂದೆ. ಹೋದ ವಾರ ಹಿಮ ಕರಗಿದಾಗ ಎರಚಿದ ಉಪ್ಪುನೀರು ಒಣಗಿ, ಮಡ್‌ಗಾರ್ಡ್ ಒಳಗೆಲ್ಲ ಬಿಳಿ ಪುಡಿ. ಮೈನಸ್ 9ರ ಕೆಳಗೆ ರಸ್ತೆಗೆ ಹಾಕುವ ಈ ಉಪ್ಪು ಹಿಮ ಕರಗಿಸಲು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಚೈನು ತಿನ್ನಲು ಮಾತ್ರ ಚೆನ್ನಾಗಿ ಬರುತ್ತದೆ. ಹಳೇ ಬನಿಯನ್ನಿನಲ್ಲಿ ಒರೆಸಿದರೆ ಮೊದಲು ಕಪ್ಪು, ಆಮೇಲೆ ತುಕ್ಕಿನ ಕೆಂಪು. ನೀರು ಜಾಸ್ತಿ ಹಾಕಲಿಲ್ಲ. ಎರಡು ವರ್ಷದ ಹಿಂದೆ ಚೆನ್ನಾಗಿ ತೊಳೆದು ಹಾಗೇ ಹೊರಗೆ ನಿಲ್ಲಿಸಿದ್ದೆ. ಬ್ರೇಕ್ ವೈರಿನ ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿ, ಬೆಳಿಗ್ಗೆ ಬ್ರೇಕ್ ಅಲುಗಾಡಿರಲಿಲ್ಲ.

ಅಷ್ಟರಲ್ಲಿ ಅಪ್ಪನ ಫೋನು. ಹಾಸನದಲ್ಲಿ ಬೆಳಿಗ್ಗೆ ಏಳೂವರೆ, ಕಾಫಿ ಹೊತ್ತು. ನಡೆದಿದ್ದು ಹೇಳಿದೆ.

"ಪೆಡಲ್ ಹಿಂದಕ್ಕೆ ತಿರುಗಿಸು. ಟಿಕ್ ಟಿಕ್ ಅನ್ನುತ್ತಾ?"

"ಬೆಳಿಗ್ಗೆ ಏನೂ ಸದ್ದಿರಲಿಲ್ಲ. ಈಗ ಒಂಚೂರು ಬರ್ತಿದೆ."

"ಚಳಿಗಾಲದಲ್ಲಿ ನಿಮ್ಮಮ್ಮ ಕೊಬ್ಬರಿ ಎಣ್ಣೆ ಬಾಟಲಿ ಬಿಸಿಲಿಗೆ ಇಡಲ್ವಾ? ಅದೇ ಕತೆ ಕಣೋ. ಒಳಗೆ ಗ್ರೀಸ್ ಗಟ್ಟಿಯಾಗಿ ಹಲ್ಲು ಕಚ್ಚಿಕೊಳ್ತಿಲ್ಲ. ಅದನ್ನ ತೆಗೆದು ತೆಳು ಎಣ್ಣೆ ಬಿಡು. ಹೊಲಿಗೆ ಮಿಷನ್ ಎಣ್ಣೆ ಆದ್ರೂ ಸಾಕು."

ಹಿಮವನ್ನೇ ನೋಡದ ಅಪ್ಪ ಹಾಸನದಲ್ಲಿ ಕೂತು ಇಷ್ಟು ಹೇಳಿದರು. ಹಿಂದಿನ ಚಕ್ರದ ನಡುಭಾಗ ಬಿಚ್ಚಿ ನೋಡಿದರೆ ಅವರು ಹೇಳಿದ ಹಾಗೇ ಇತ್ತು. ಉಗುರಿನಷ್ಟೂ ಇಲ್ಲದ ಕೊಕ್ಕೆಗಳು, ಅವನ್ನು ಮೇಲೆತ್ತುವ ಕೂದಲೆಳೆಯಂಥ ಸ್ಪ್ರಿಂಗು. ಎಲ್ಲ ಗ್ರೀಸಿನಲ್ಲಿ ಮುಳುಗಿದ್ದವು. ಕೊಕ್ಕೆ ಎದ್ದು ಹಲ್ಲಿಗೆ ಸಿಕ್ಕಿದರೆ ತಾನೇ ಚಕ್ರ ತಿರುಗುವುದು! ಹಲ್ಲುಜ್ಜುವ ಹಳೇ ಬ್ರಷ್‌ನಲ್ಲಿ ಉಜ್ಜಿ ತೆಗೆದು, ಮನೆಯಲ್ಲಿದ್ದ ತೆಳು ಎಣ್ಣೆ ಬಿಟ್ಟೆ.

ಫೋನ್ ಇಡುವ ಮುಂಚೆ ಅಪ್ಪ ಇನ್ನೊಂದು ಮಾತು ಹೇಳಿದರು. ಮೊನ್ನೆ ತಮ್ಮ ಸೈಕಲ್ಲಿಗೂ ಗಾಳಿ ಹೊಡೆದರಂತೆ. ಮಂಡಿನೋವು ಶುರುವಾದ ಮೇಲೆ ಅವರು ಅದನ್ನು ಹತ್ತಿಲ್ಲ. ಆಯುಧ ಪೂಜೆಗೆ ಒರೆಸಿ ಕುಂಕುಮ ಇಡುತ್ತಾರೆ, ಅಷ್ಟೇ.

"ಯಾರು ಓಡಿಸ್ತಾರೆ ಅಪ್ಪ?"

"ಯಾರೂ ಇಲ್ಲ. ಗಾಳಿ ಇಲ್ಲದೆ ನಿಂತ್ರೆ ಟೈರು ಸೀಳುತ್ತೆ."

ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಂಡಿ ಹೇಗಿದೆ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಗ್ಲೌಸ್ ಹಾಕಿಕೋ ಅಂತ ಹೇಳಿ ಅವರೇ ಫೋನ್ ಇಟ್ಟರು.

ಈಗ ಮತ್ತೆ ಬಚ್ಚಲಿಗೆ ಹೋಗಿ ಚಕ್ರ ತಿರುಗಿಸಿ ಬಂದೆ. ಟಿಕ್ ಟಿಕ್ ಜೋರಾಗಿ ಕೇಳುತ್ತಿದೆ. ಆದರೆ ಇದು ಹೀಟರ್ ಹಾಕಿದ ಮನೆ. ಬೆಳಿಗ್ಗೆ ಬಾಗಿಲು ತೆಗೆದು ಹೊರಗೆ ನಿಲ್ಲಿಸಿದಾಗ ಏನಾಗುತ್ತೋ.