ವರ್ನನ್ ಬುಲೆವಾರ್ಡಿನ ಎರಡು ಟರ್ಬೈನುಗಳು

24 ಜೂನ್ 2025, ಮಂಗಳವಾರ
ಕ್ವೀನ್ಸ್, ನ್ಯೂಯಾರ್ಕ್

ಇಂದು ಸೆಂಟ್ರಲ್ ಪಾರ್ಕಿನಲ್ಲಿ ತಾಪಮಾನ 37 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಇಂಥ ದಿನಗಳಲ್ಲಿ ಮನೆಮನೆಯ ಏಸಿಗಳು ಒಟ್ಟಿಗೆ ಓಡತೊಡಗಿ ವಿದ್ಯುತ್ ಬೇಡಿಕೆ ಒಮ್ಮೆಲೇ ಏರಿದಾಗ ಚಾಲೂ ಮಾಡಲೆಂದೇ ಕಟ್ಟಿದ ಒಂದು ಸಣ್ಣ ಅನಿಲ ಸ್ಥಾವರ ಕ್ವೀನ್ಸ್‌ಬರೋ ಸೇತುವೆಯ ಮಗ್ಗುಲಲ್ಲೇ, ವರ್ನನ್ ಬುಲೆವಾರ್ಡಿನಲ್ಲಿದೆ. ಸಂಜೆ ಅದರ ಬೇಲಿಯ ಪಕ್ಕ ಹಾದುಹೋದೆ. ಹೊಗೆ ಕಾಣಲಿಲ್ಲ, ಚಿಮಣಿಯ ಬಾಯಿಂದ ಏಳುತ್ತಿದ್ದ ಬಿಸಿಗಾಳಿಯಲ್ಲಿ ಹಿಂದಿನ ಕಟ್ಟಡದ ಅಂಚು ಮಾತ್ರ ನಡುಗುತ್ತಿತ್ತು.

ವಿದ್ಯುತ್ ಕೊರತೆಯಾದೀತೆಂಬ ಆತಂಕದಲ್ಲಿ ರಾಜ್ಯ ಸರಕಾರದ ವಿದ್ಯುತ್ ಸಂಸ್ಥೆಯಾದ ನ್ಯೂಯಾರ್ಕ್ ಪವರ್ ಅಥಾರಿಟಿ 2001ರಲ್ಲಿ ನಗರದಲ್ಲೂ ಲಾಂಗ್ ಐಲ್ಯಾಂಡಿನಲ್ಲೂ ಅವಸರವಾಗಿ ಸ್ಥಾಪಿಸಿದ 11 ಅನಿಲ ಟರ್ಬೈನುಗಳ ಪೈಕಿ ಎರಡು ಇಲ್ಲಿವೆ. ಸ್ಥಾವರದ ಉತ್ಪಾದನೆಯನ್ನು 79.9 ಮೆಗಾವ್ಯಾಟಿಗೆ ಮಿತಿಗೊಳಿಸಲಾಯಿತು, ಏಕೆಂದರೆ 80 ಮುಟ್ಟಿದ್ದರೆ ದೊಡ್ಡ ಸ್ಥಾವರಗಳಿಗೆ ವಿಧಿಸಿದ ಪೂರ್ಣ ಪ್ರಮಾಣದ ಪರವಾನಗಿ ಪರಿಶೀಲನೆಗೆ ಒಳಪಡಬೇಕಿತ್ತು. ಅಕ್ಕಪಕ್ಕದ ಜನರ ಉಸಿರಾಟದ ವಿಷಯದಲ್ಲಿ ಇಂಥ ಲೆಕ್ಕಾಚಾರ ಸಲ್ಲದು ಎಂಬುದು ನನ್ನ ದೃಢ ಅಭಿಪ್ರಾಯ. ನೆರೆಹೊರೆಯ ಸಂಘಟನೆಗಳು ಕೋರ್ಟಿಗೆ ಹೋದವು. ಅತಿಸೂಕ್ಷ್ಮ ಕಣಗಳಾದ ಪಿಎಂ 2.5ರ ಪರಿಣಾಮವನ್ನು ಪರಿಗಣಿಸದೆ ಮುಂದುವರಿದದ್ದು ತಪ್ಪೆಂದು ಮೇಲ್ಮನವಿ ನ್ಯಾಯಾಲಯ ಅದೇ ವರ್ಷ ಹೇಳಿ, ಪರಿಸರ ಪರಿಣಾಮದ ವರದಿ ಸಿದ್ಧಪಡಿಸಲು ಆದೇಶಿಸಿತು. ಆದರೆ ಯಂತ್ರಗಳನ್ನು ಕೂಡಲೇ ನಿಲ್ಲಿಸಲಿಲ್ಲ.

ಎಲ್‌ಎಂ 6000 ಎಂಬ ಈ ಟರ್ಬೈನು ವಿಮಾನದ ಜೆಟ್ ಎಂಜಿನಿನಿಂದ ರೂಪುಗೊಂಡದ್ದು. ಹತ್ತು ನಿಮಿಷದ ಆಸುಪಾಸಿನಲ್ಲಿ ಪೂರ್ಣ ಸಾಮರ್ಥ್ಯಕ್ಕೆ ಏರಬಲ್ಲದು. ಇಲ್ಲಿ ಅದು ಹೊರಬಿಡುವ ಶಾಖವನ್ನು ಬಳಸಿ ಮತ್ತೊಮ್ಮೆ ವಿದ್ಯುತ್ ತೆಗೆಯುವ ವ್ಯವಸ್ಥೆ ಇಲ್ಲದಿರುವುದರಿಂದ ಪ್ರತಿ ಮೆಗಾವ್ಯಾಟ್-ಗಂಟೆಗೆ ಸುಮಾರು ಅರ್ಧ ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಸಾರಜನಕದ ಆಕ್ಸೈಡುಗಳನ್ನು ತಗ್ಗಿಸಲು ಅಮೋನಿಯಾ ಸಿಂಪಡಿಸಿ, ಉರಿದು ಹೊರಬರುವ ಅನಿಲವನ್ನು ರಾಸಾಯನಿಕ ಕ್ರಿಯೆ ಚುರುಕುಗೊಳಿಸುವ ವೇಗವರ್ಧಕದ ಪದರಗಳ ಮೂಲಕ ಹಾಯಿಸುತ್ತಾರೆ. ಆ ಪದರ ಸರಿಯಾಗಿ ಕೆಲಸ ಮಾಡಬೇಕಾದರೆ ನೂರಾರು ಡಿಗ್ರಿ ಬಿಸಿಯಾಗಿರಬೇಕು. ಹೆಂಚು ಕಾಯುವ ಮೊದಲು ಹುಯ್ದ ದೋಸೆ ಏಳದ ಹಾಗೆ, ಯಂತ್ರ ಚಾಲೂ ಆದ ಮೊದಲ ನಿಮಿಷಗಳಲ್ಲಿ ಶುದ್ಧೀಕರಣ ಅರೆಬರೆಯಾಗಿರುತ್ತದೆ. ಮತ್ತೆ ಮತ್ತೆ ಚಾಲೂ ಆಗಿ ನಿಲ್ಲುವುದೇ ಇಂಥ ಸ್ಥಾವರದ ಕೆಲಸ.

ವರ್ಷದ ಒಟ್ಟು ಮೊತ್ತ ನೋಡಿದವರಿಗೆ ಈ ಹೊರಸೂಸುವಿಕೆ ಅಲ್ಪವೆನ್ನಿಸುತ್ತದೆ. ಆದರೆ ಬಿಸಿಲು ಸುಡುವ, ಗಾಳಿ ಕದಲದ ದಿನಗಳಲ್ಲೇ ಅದು ಸೇರಿಬರುತ್ತದೆ. ಅದೇ ಬಿಸಿಲಿನಲ್ಲಿ ಸಾರಜನಕದ ಆಕ್ಸೈಡುಗಳಿಂದ ನೆಲಮಟ್ಟದ ಓಝೋನ್ ಹುಟ್ಟಿ ಆಸ್ತಮಾ ಇರುವವರ ಎದೆ ಬಿಗಿಯುತ್ತದೆ. ಸೇತುವೆಯ ಆಚೆಬದಿಗೆ ಮೂರು ಸಾವಿರಕ್ಕೂ ಹೆಚ್ಚು ಮನೆಗಳಿರುವ ಕ್ವೀನ್ಸ್‌ಬ್ರಿಡ್ಜ್ ಸರಕಾರಿ ವಸತಿ ಸಮುಚ್ಚಯವಿದೆ.

ಪವರ್ ಅಥಾರಿಟಿಯ ಈ ಸಣ್ಣ ಸ್ಥಾವರಗಳಲ್ಲಿ ಅನಿಲ ಸುಡುವುದನ್ನು 2030ರ ಕೊನೆಯೊಳಗೆ ನಿಲ್ಲಿಸಬೇಕೆಂದು 2023ರ ರಾಜ್ಯ ಶಾಸನ ಹೇಳಿದೆಯಾದರೂ, ಗ್ರಿಡ್ಡಿನ ಭದ್ರತೆಗೆ ಅಗತ್ಯವೆಂದು ಕಂಡಲ್ಲಿ ಮುಂದುವರಿಸಲು ಅವಕಾಶ ಉಳಿಸಿದೆ. ಆ ಅಗತ್ಯವನ್ನು ತೂಗುವಾಗ ವಾರ್ಷಿಕ ಸರಾಸರಿಯನ್ನು ಬದಿಗಿಟ್ಟು, ಇಂದಿನಂಥ ದಿನದ ಗಂಟೆಗಂಟೆಯ ಅಂಕಿಗಳನ್ನು ಮೇಜಿನ ಮೇಲಿಡಬೇಕು.